ಸೋಫಾದ ಮೇಲಿನ ಹರಟೆ, ನಮ್ಮಕ್ಕನ ತಿದ್ದುಪಡಿ

ಸಿನಿಮಾದವರು ಸೋಫಾದ ಮೇಲೆ ಕಾಲು ಮಡಚಿ ಕೂತು, ಮೊದಲೇ ಬರೆದುಕೊಳ್ಳದೆ, ಬಾಯಿಗೆ ಬಂದದ್ದು ಮಾತಾಡುವ ಕಾರ್ಯಕ್ರಮಗಳು ಈಗ ಬೇಕಾದಷ್ಟಿವೆ. ಅವನ್ನು ನೋಡಿದರೆ ನಿಜವಾಗಿ ಮಜಾ ಬರುತ್ತದೆಯೇ ಎಂದು ನನ್ನನ್ನು ಕೇಳಬೇಕು. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲೂಕು ಜಾಲಾಡಿದರೂ ಇಂಥ ಮಾತಿಗೆ ಬೆಲೆ ಕಟ್ಟುವ ಯೋಗ್ಯತೆ ನನ್ನಷ್ಟು ಇರುವವರು ಸಿಗಲಾರರು. ಇದು ಜಂಬ ಅಲ್ಲ. ಜಂಬವೇ ಆದರೂ ಸುಳ್ಳಲ್ಲ.

ನಾನು ಪಿಂಜಾರ. ಹಳೇ ಗಾದಿ ಬಿಚ್ಚಿ, ಒಳಗೆ ಗಂಟುಗಟ್ಟಿದ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ, ಹೂವಿನ ಹಾಗೆ ಅರಳಿಸಿ ಮತ್ತೆ ತುಂಬಿ ಹೊಲಿಯುವುದು ನಮ್ಮ ಕೆಲಸ. ನ್ಯಾಮತಿಯಿಂದ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟರೆ ಊರೂರು ಸುತ್ತಿ ಬರುತ್ತಿದ್ದೆ. ಮನೆಯ ಅಂಗಳದಲ್ಲಿ ಬೆಳಿಗ್ಗೆ ಕೂತರೆ ಏಳುವುದು ಸಂಜೆಗೆ. ಬಿಲ್ಲಿನ ತಂತಿ ಟುಂಯ್ ಟುಂಯ್ ಎಂದು ಬಡಿದುಕೊಳ್ಳುತ್ತಿದ್ದರೆ, ಈ ಗದ್ದಲದಲ್ಲಿ ಪಿಂಜಾರನಿಗೆ ಏನೂ ಕೇಳಿಸುವುದಿಲ್ಲ ಎಂದು ಎಲ್ಲ ಮನೆಯವರೂ ನಂಬಿದ್ದರು. ಅದು ಅವರ ದೊಡ್ಡ ತಪ್ಪು. ಗಿರಣಿಯವನಿಗೆ ಗಿರಣಿಯ ಸದ್ದು ಕೇಳಿಸದ ಹಾಗೆ ನಮಗೆ ಬಿಲ್ಲಿನ ಸದ್ದೇ ಕೇಳಿಸುವುದಿಲ್ಲ. ಉಳಿದದ್ದೆಲ್ಲ ಕೇಳಿಸುತ್ತದೆ. ಅತ್ತೆ ಸೊಸೆಯರ ಪಿಸುಮಾತು, ಅಣ್ಣತಮ್ಮಂದಿರ ಮಸಲತ್ತು, ಗಂಡ ಹೆಂಡತಿ ಹಲ್ಲು ಕಚ್ಚಿಕೊಂಡು ಆಡುವ ಜಗಳ, ಎಲ್ಲ ನನ್ನ ಕಿವಿಯ ಮುಂದೆಯೇ.

ಚನ್ನಗಿರಿಯಲ್ಲಿ ಒಂದು ಮನೆ. ಯಜಮಾನ ದೊಡ್ಡ ಪೈಲ್ವಾನ, ಮೀಸೆ ನೋಡಿದರೆ ಎಮ್ಮೆ ದಾರಿ ಬಿಡಬೇಕು. ಆತನ ಹೆಂಡತಿ ಪಕ್ಕದ ಮನೆಯಾಕೆಗೆ, “ಹೊರಗೆ ಹುಲಿ ಕಣವ್ವಾ, ಮನೇಲಿ ಒಂದು ಜಿರಳೆ ಕಂಡ್ರೆ ಮಂಚ ಹತ್ತತಾರೆ” ಎಂದು ಹೇಳುತ್ತಿದ್ದಳು. ಮಧ್ಯಾಹ್ನ ಪೈಲ್ವಾನರು ಬಂದು, ಕೈ ಹಿಂದೆ ಕಟ್ಟಿಕೊಂಡು ನನ್ನ ಕೆಲಸದಲ್ಲಿ ಹುಳುಕು ಹುಡುಕತೊಡಗಿದರು. ನಾನು ತಲೆ ಎತ್ತದೆ, “ಸಾಹುಕಾರ್ರೆ, ಹತ್ತಿ ಒಳಗೆ ಜಿರಳೆ ಅದಾವೆ, ಸ್ವಲ್ಪ ದೂರ ನಿಂತ್ಕೊಳ್ರಿ” ಎಂದೆ. ಪೈಲ್ವಾನರು ಕಟ್ಟೆಯ ಮೇಲೆ ಹೇಗೆ ಹೋದರು ಎಂಬುದನ್ನು ನಾನು ನೋಡಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕಟ್ಟೆಯ ಮೇಲಿದ್ದರು. ಒಳಗೆ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ನನಗೆ ಆ ದಿನ ಹೋಳಿಗೆ ಊಟ.

ಹೀಗೆ ವರ್ಷಾನುಗಟ್ಟಲೆ ಖರೇ ಮಾತು ಕೇಳಿದ ಕಿವಿ ಇದು. ಅದಕ್ಕೇ ಸೋಫಾದ ಹರಟೆಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಇಟ್ಟದ್ದು ಭಾವ ತೀರಿಕೊಂಡ ಮೇಲೆ.

ಭಾವ ಎಂದರೆ ನಮ್ಮಕ್ಕನ ಗಂಡ. ಜಗಳೂರಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದರು. ಸುಟ್ಟುಹೋದ ಮೋಟಾರಿಗೆ ಮತ್ತೆ ತಂತಿ ಸುತ್ತಿ ಜೀವ ಕೊಡುವ ಕೆಲಸ. “ನೀರೇ ಇಲ್ಲದ ಊರಾಗೆ ನೀರೆತ್ತೋ ಮೋಟಾರು ರಿಪೇರಿ ಮಾಡ್ತೀರಲ್ಲ ಭಾವ, ಬೋಳು ತಲೆಗೆ ಬಾಚಣಿಕೆ ಮಾರಿದಂಗೆ” ಎಂದು ನಾನು ರೇಗಿಸುತ್ತಿದ್ದೆ. ಅವರು ತಂತಿ ಸುತ್ತುತ್ತಲೇ ನಗುತ್ತಿದ್ದರು. ಮಾತು ಕಮ್ಮಿ. ನನ್ನಂಥ ಭಾವಮೈದುನ ಇದ್ದಾಗ ಅವರಿಗಾದರೂ ಮಾತಿಗೆ ಜಾಗ ಎಲ್ಲಿತ್ತು?

ಅವರು ಹೋದ ಮೇಲೆ ಅಕ್ಕ ಇದ್ದತ್ ಕೂತಳು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಹೋಗದೆ, ಒಡವೆ ಅಲಂಕಾರ ಬಿಟ್ಟು ಮನೆಯಲ್ಲೇ ಇರಬೇಕು. ಅದು ನಮ್ಮ ಪದ್ಧತಿ. ಅಕ್ಕ ಅದರ ಜೊತೆಗೆ ತನ್ನದೊಂದು ಸೇರಿಸಿಕೊಂಡಳು. ಮಾತು ಬಿಟ್ಟಳು.

ಸುದ್ದಿ ಕೊಟ್ಟವಳು ಅವಳ ಸೊಸೆ. ಫೋನಿನಲ್ಲಿ ದನಿ ತಗ್ಗಿಸಿ, “ಮಾವ, ಅತ್ತೆ ಮಾತೇ ಆಡ್ತಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಊಟಕ್ಕೆ ಕೂತ್ರೆ ತಟ್ಟೆ ನೋಡ್ಕೋತ ಕೂರ್ತಾರೆ. ಡಾಕ್ಟ್ರು ಬಂದು ನೋಡಿದ್ರು, ಮೈಗೇನೂ ಆಗಿಲ್ಲ, ಹಿಂಗೇ ಬಿಟ್ರೆ ಮಾತ್ರ ಕಷ್ಟ ಐತೆ ಅಂದ್ರು. ನೀವು ಬರ್ರಿ. ನಿಮ್ಮನ್ನ ಬಿಟ್ರೆ ಅವರನ್ನ ನಗಸೋರು ಯಾರದಾರೆ?”

ಇಂಥ ಮಾತಿಗೆ ನಾನು ಉಬ್ಬದೆ ಇರುತ್ತೇನೆಯೇ. ಹೊನ್ನಾಳಿಗೆ ಹೋಗಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಮೆಕ್ಕೆಜೋಳದ ಹೊಲಗಳ ನಡುವೆ ಕುಲುಕಾಡುತ್ತ ಜಗಳೂರು ಮುಟ್ಟುವ ತನಕ, ಯಾವ ಚೇಷ್ಟೆಯಿಂದ ಶುರು ಮಾಡಲಿ ಎಂದು ಯೋಚಿಸಿಕೊಂಡೇ ಹೋದೆ.

ಒಂದೂ ನಡೆಯಲಿಲ್ಲ. ಪೈಲ್ವಾನರ ಕಥೆ ಹೇಳಿದೆ. ಅಕ್ಕ ಗೋಡೆ ನೋಡಿದಳು. ಅವಳ ಕನ್ನಡಕ ನಾನು ಹಾಕಿಕೊಂಡು ಕುರುಡನ ಹಾಗೆ ತಡವರಿಸಿದೆ. ಕನ್ನಡಕ ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು. ಚಿಕ್ಕಂದಿನಲ್ಲಿ ನನ್ನ ಒಂದು ಮುಖ ನೋಡಿದರೆ ಬಿದ್ದು ಬಿದ್ದು ನಗುತ್ತಿದ್ದಳು. ಆ ಮುಖವನ್ನೂ ಮಾಡಿದೆ. “ಹಲ್ಲು ನೋವಾ ಮಾವ?” ಎಂದು ಸೊಸೆ ಕೇಳಿದಳು.

ನಡುನಡುವೆ ಮಾತಾಡಿಸಲು ಹೆಂಗಸರು ಬರುತ್ತಿದ್ದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. “ಅಲ್ಲಾನ ಮರ್ಜಿ. ಸಬರ್ ಮಾಡವ್ವ, ತಾಳ್ಕೋ. ದೇವರಂಥಾ ಮನುಷ್ಯ, ಒಬ್ಬರಿಗೆ ಎದುರು ಮಾತಾಡಿದೋರಲ್ಲ.” ಒಬ್ಬಾಕೆ ಎದ್ದು ಹೋದರೆ ಇನ್ನೊಬ್ಬಾಕೆ ಬಂದು ಅದೇ ಜಾಗದಲ್ಲಿ ಕೂತು ಅದನ್ನೇ ಹೇಳುತ್ತಿದ್ದಳು. ನಾಟಕದ ಕಂಪನಿಯಲ್ಲಿ ಪಾತ್ರಧಾರಿ ಬದಲಾದರೂ ಮಾತು ಬದಲಾಗದ ಹಾಗೆ. ಅಕ್ಕ ತಲೆ ಆಡಿಸುತ್ತಿದ್ದಳು. ಅವಳ ಕಣ್ಣು ಅವರ ಭುಜದ ಮೇಲಿಂದ ಹಾಯ್ದು ಇನ್ನೆಲ್ಲೋ ಇರುತ್ತಿತ್ತು.

ಟಿವಿಗೆ ಬಟ್ಟೆ ಮುಚ್ಚಿದ್ದರು. ಸಾವಿನ ಮನೆ, ಅದು ಸಹಜ. ಆದರೆ ಸೊಸೆ ಪಾಪ ಇಡೀ ದಿನ ಆ ಮೌನದ ಮನೆಯಲ್ಲಿ ಇರಬೇಕಲ್ಲ, ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಸಣ್ಣ ದನಿಯಲ್ಲಿ ಏನೋ ಹಚ್ಚಿಕೊಳ್ಳುತ್ತಿದ್ದಳು. ಯಾರಾದರೂ ಬಂದ ಸದ್ದಾದರೆ ತಟ್ಟನೆ ಬೋರಲು ಹಾಕುತ್ತಿದ್ದಳು. ಏನದು ಎಂದು ಇಣುಕಿದೆ. ಒಬ್ಬ ನಟ, ಅವನ ಹೆಂಡತಿ, ಇನ್ನೊಬ್ಬ ನಟ. ಮೂವರೂ ಸೋಫಾದ ಮೇಲೆ.

“ಏನಂತವ್ವ ಇದು?”

“ಹರಟೆ ಮಾವ. ಏನೂ ಬರ್ಕೊಂಡಿರಲ್ಲ, ಸುಮ್ನೆ ಮಾತಾಡ್ತಾರೆ. ಭಾಳ ಮಜಾ ಇರ್ತೈತೆ.”

ನಾನು ಮಣೆ ಎಳೆದುಕೊಂಡು ಕೂತೆ. ಮಜಾ ಎಲ್ಲಿದೆ ಎಂದು ಹುಡುಕಿದೆ. ಒಬ್ಬನು ಇನ್ನೊಬ್ಬನ ಶೂಟಿಂಗಿನಲ್ಲಿ ಇಡ್ಲಿ ತಿಂದನಂತೆ. ಅದನ್ನು ಹೇಳಿ ಮುಗಿಸುವ ಮೊದಲೇ ಮೂವರೂ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಆ ಇಡ್ಲಿಗೆ ಚಟ್ನಿ ಇತ್ತೋ ಸಾಂಬಾರ್ ಇತ್ತೋ ಎಂದು ಚರ್ಚೆ. ನನಗೆ ರೇಗಿತು.

“ಇವರು ಬರ್ಕೊಂಡಿಲ್ಲ ಅನ್ನೋದು ನಿಜ ಕಣವ್ವ. ಬರ್ಕೊಂಡಿದ್ರೆ ಚೊಲೋ ಇರ್ತಿತ್ತು. ನನ್ನ ಮುಂದೆ ಜನ ಮಾತಾಡ್ತಿದ್ದಾಗ ನಾನು ಅಲ್ಲಿದೀನಿ ಅನ್ನೋದೇ ಮರೀತಿದ್ರು. ಇವರು ಒಂದು ಗಳಿಗೇನೂ ಕ್ಯಾಮೆರಾ ಮರೆಯಲ್ಲ. ನಗಾಕೆ ಮುಂಚೆ ಹಲ್ಲು ಸರಿ ಅದಾವಾ ನೋಡ್ಕೋತಾರೆ.”

“ನಿಮಗೆ ಹೊಟ್ಟೆಕಿಚ್ಚು ಮಾವ.”

“ನನಗೂ ಒಂದು ಸೋಫಾ ಕೊಡ್ಸು, ಆಮೇಲೆ ನೋಡು.”

ಅಷ್ಟರಲ್ಲಿ ಅಕ್ಕ ನೀರು ಕುಡಿಯಲು ಅಡುಗೆಮನೆಗೆ ಬಂದಳು. ಸೊಸೆ ಗಾಬರಿಯಾಗಿ ಫೋನಿಗೆ ಕೈ ಹಾಕಿದಳು. ಕೈ ತುಂಬ ಹಿಟ್ಟು, ಅದು ನಿಲ್ಲಲಿಲ್ಲ. ಫೋನಿನಲ್ಲಿ ಆ ನಟ, ತನ್ನ ಹೆಂಡತಿಗೆ ಕಾರು ಓಡಿಸಲು ಕಲಿಸಿದ್ದು ತಾನೇ, ಎಷ್ಟು ತಾಳ್ಮೆಯಿಂದ ಕಲಿಸಿದೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಹೆಂಡತಿ ನಡುವೆ ಬಾಯಿ ಹಾಕಿ, ಇವರು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು, ಕಲಿಸಿದ್ದು ಡ್ರೈವರು ಎಂದಳು. ಅವನು ಇಲ್ಲ ಎಂದ. ಅವಳು ಹೌದು ಎಂದಳು. ಆ ಒಂದು ಕ್ಷಣ ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. ಕ್ಯಾಮೆರಾ ಮರೆತಿದ್ದಳು. ಅದು ನನ್ನ ಕಿವಿಗೂ ಗೊತ್ತಾಯಿತು.

ಅಕ್ಕ ಲೋಟ ಹಿಡಿದು ನಿಂತಿದ್ದವಳು, “ಅವನು ಸುಳ್ಳು ಹೇಳ್ತಾನೆ. ಆಕೆ ಹೇಳಿದ್ದೇ ನಿಜ” ಎಂದಳು.

ಸೊಸೆಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅಕ್ಕ ನೀರು ಕುಡಿದು ಹೋಗಿ ತನ್ನ ಚಾಪೆಯ ಮೇಲೆ ಕೂತಳು. ಅಷ್ಟೇ. ಆದರೆ ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ಪೂರ್ತಿ ಮಾತು ಅದು. ನಾನು ಹಾರಿ ಕುಣಿದು ಮುಖ ತಿರುಚಿ ತರಲಾಗದ್ದನ್ನು, ಯಾವನೋ ಒಬ್ಬ ನಟ ಒಂದು ಸುಳ್ಳಿನಲ್ಲಿ ತಂದುಬಿಟ್ಟಿದ್ದ.

ವಾಪಸು ಬರುವ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ಬಂದವರೆಲ್ಲ ಅಕ್ಕನ ಮುಂದೆ ಸರಿಯಾದ ಮಾತನ್ನೇ ಹೇಳುತ್ತಿದ್ದರು. ಸರಿಯಾದ ಮಾತಿಗೆ ಅವಳು ಏನೆಂದು ಉತ್ತರ ಕೊಡಬೇಕು? ತಲೆ ಆಡಿಸಬೇಕು, ಅಷ್ಟೇ. ಗಂಡ ಹೆಂಡತಿ ಎಂದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುವುದು. ನಮ್ಮಕ್ಕ ಭಾವನನ್ನು ಬೆಳಗಾದರೆ ಸಂಜೆಯ ತನಕ ತಿದ್ದುತ್ತಿದ್ದಳು. ಭಾವ ಮಂಗಳವಾರ ಎಂದರೆ ಅವಳು ಬುಧವಾರ. ಅವರು ಬೇಳೆ ಸಾರು ಎಂದರೆ ಅವಳು ಸೊಪ್ಪಿನ ಸಾರು. ಈಗ ತಿದ್ದಲು ಅವಳಿಗೆ ಏನೂ ಉಳಿದಿರಲಿಲ್ಲ. ಎಲ್ಲರೂ ಸೇರಿ ಭಾವನನ್ನು ದೇವರು ಮಾಡಿ ಕೂರಿಸಿದ್ದರು. ದೇವರನ್ನು ಯಾರು ತಿದ್ದುತ್ತಾರೆ?

ಸುಳ್ಳು ಹೇಳುವುದೇ ಔಷಧಿ ಆದರೆ, ಆ ಔಷಧಿಯ ಅಂಗಡಿಯೇ ನಾನು.

ಮುಂದಿನ ಸಲ ಹೋದಾಗ ಅವಳ ಚಾಪೆಯ ಎದುರು ಕೂತು, ಸೊಸೆಗೆ ಹೇಳುವ ಹಾಗೆ ಶುರು ಮಾಡಿದೆ. “ನಿಮ್ಮ ಮಾವನವರು ಇದ್ರಲ್ಲವ್ವಾ, ಮದುವೆಗೆ ಮುಂಚೆ ಹೆಣ್ಣು ನೋಡಾಕೆ ಬಂದಾಗ ನಮ್ಮನೇಲಿ ಹದಿನೈದು ಬಾಳೆಹಣ್ಣು ತಿಂದ್ರು. ಪಾಪ, ಜಗಳೂರಾಗೆ ಬಾಳೆಹಣ್ಣೇ ನೋಡಿರಲಿಲ್ಲ.”

ಅಕ್ಕ ಗೋಡೆ ನೋಡುತ್ತಿದ್ದಳು.

“ತಿಂದು, ಸಿಪ್ಪೆ ಎಲ್ಲಿ ಹಾಕಬೇಕು ಗೊತ್ತಾಗ್ದೆ ಜೇಬಿನಾಗೆ ಇಟ್ಕೊಂಡ್ರು.”

“ಒಂದು,” ಎಂದಳು ಅಕ್ಕ.

“ಏನಕ್ಕ?”

“ಒಂದು ಹಣ್ಣು ತಿಂದ್ರು. ಸಿಪ್ಪೆ ಅವರು ಇಟ್ಕೊಳ್ಳಲಿಲ್ಲ. ಅವರ ಜೇಬಿಗೆ ಇಟ್ಟಿದ್ದು ನೀನು.”

ನನಗೆ ಅದು ನೆನಪಿರಲಿಲ್ಲ. ಸೊಸೆ ಫಕ್ಕನೆ ನಕ್ಕಳು. ನಾನು ಬಿಡಲಿಲ್ಲ. ಭಾವ ಸಿನಿಮಾ ನೋಡಲು ಹೋದರೆ ಅಳುತ್ತಿದ್ದರು ಎಂದೆ. ಅಳುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದರು ಎಂದಳು. ಭಾವನಿಗೆ ಕುರಿ ಕಂಡರೆ ಭಯ ಎಂದೆ. ಭಯ ಅಲ್ಲ, ಒಂದು ಟಗರು ಅಂಗಡಿಗೆ ನುಗ್ಗಿ ತಂತಿಯ ಸುರುಳಿ ಕೊಂಬಿಗೆ ಸಿಕ್ಕಿಸಿಕೊಂಡು ಸಂತೆಯ ತನಕ ಎಳೆದುಕೊಂಡು ಹೋಗಿತ್ತು, ಆಮೇಲೆ ಅದರ ಜಾತಿಯ ಮೇಲೆಯೇ ಸಿಟ್ಟು ಎಂದಳು. ಹೇಳುತ್ತ ಹೇಳುತ್ತ ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡಳು. ಸೊಸೆ ಸದ್ದಿಲ್ಲದೆ ಇನ್ನೊಂದು ರೊಟ್ಟಿ ತಟ್ಟೆಗೆ ಹಾಕಿದಳು.

ಒಂದು ದಿನ ಪಕ್ಕದ ಮನೆಯ ಹಿರಿಯಾಕೆ ಈ ವೈಖರಿ ನೋಡಿ ಹೌಹಾರಿದರು. “ಏನಪ್ಪ ನೀನು, ಹೋದೋರ ಮೇಲೆ ಹಿಂಗೆಲ್ಲ ಆಡ್ಕೋಬಾರ್ದು. ಮಣ್ಣು ಇನ್ನೂ ಆರಿಲ್ಲ.”

ನಾನು ತಲೆ ತಗ್ಗಿಸಿದೆ. ಉತ್ತರ ಕೊಟ್ಟದ್ದು ಅಕ್ಕ. “ಆಡ್ಲಿ ಬಿಡ್ರಿ. ಇವನು ಹೇಳೋದೆಲ್ಲ ತಪ್ಪು. ಯಾರಾದ್ರೂ ಕುಂತು ತಿದ್ದಬೇಕಲ್ಲ.”

ಹೀಗೆ ನಡೆದಾಗ ನನಗೆ ಜಂಬ ನೆತ್ತಿಗೇರಿತು. ಒಂದು ಖರೇ ಕಥೆಯನ್ನೇ ಹೇಳಿಬಿಡೋಣ ಎನ್ನಿಸಿತು. ಅದು ನನ್ನ ಜೀವಮಾನದ ಅತಿ ದೊಡ್ಡ ಚೇಷ್ಟೆ. ಅಕ್ಕನ ಮದುವೆಗೆ ಕೊಟ್ಟ ಗಾದಿ ನಾನೇ ಹೊಲಿದದ್ದು. ಹತ್ತಿ ತುಂಬುವಾಗ ನಟ್ಟನಡುವೆ ಒಂದು ಗೆಜ್ಜೆ ಹುದುಗಿಸಿ ಹೊಲಿದುಬಿಟ್ಟಿದ್ದೆ. ಆಮೇಲೆ ಪ್ರತಿ ಸಲ ಜಗಳೂರಿಗೆ ಹೋದಾಗಲೂ ಭಾವ ನನ್ನನ್ನು ಪಕ್ಕಕ್ಕೆ ಕರೆದು, “ಮಾರಾಯ, ಮಗ್ಗಲು ಬದಲಿಸಿದ್ರೆ ಗಾದಿ ಒಳಗೆ ಏನೋ ಘಲ್ ಅಂತೈತೆ, ಏನಿರಬೌದು?” ಎಂದು ಕೇಳುತ್ತಿದ್ದರು. ನಾನು ಮುಖ ಗಂಟಿಕ್ಕಿಕೊಂಡು, “ಇಲಿ ಇರಬೌದು ಭಾವ” ಎನ್ನುತ್ತಿದ್ದೆ. ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇದನ್ನು ನಾಲ್ಕೂ ತಾಲೂಕಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ.

ಸೊಸೆಗೆ ಇದನ್ನು ಬಣ್ಣ ಕಟ್ಟಿ ಹೇಳಿ ಮುಗಿಸಿ, ಅಕ್ಕನ ಕಡೆ ನೋಡಿ, “ಇದನ್ನ ಹೆಂಗೆ ತಿದ್ತೀಯ ತಿದ್ದು” ಎಂದೆ.

“ಇದೂ ತಪ್ಪು,” ಎಂದಳು ಅಕ್ಕ. “ಮೊದಲನೇ ದಿನ ಬೆಳಿಗ್ಗೇನೇ ಅವರಿಗೆ ಸಿಕ್ತು ಅದು. ಕೂದಲಿನಂಥಾ ತಂತಿ ಸುತ್ತೋ ಬೆರಳು ಅವು, ಗೆಜ್ಜೆ ಗೊತ್ತಾಗಲ್ವಾ? ಹೊಲಿಗೆ ಬಿಚ್ಚಿ ತೆಗೆದ್ರು, ಮತ್ತೆ ಹೊಲದ್ರು. ನಿನಗಿಂತ ನೀಟಾಗಿ.”

“ಮತ್ತೆ ಘಲ್ ಅಂತೈತೆ ಅಂತ ಕೇಳ್ತಿದ್ರಲ್ಲ?”

“ಕೇಳ್ತಿದ್ರು. ನೀನು ಆಚೆ ಹೋಗಿ ನಗ್ತಿದ್ದೆಯಲ್ಲ, ಅದನ್ನ ಕಿಟಕೀಲಿ ನಿಂತು ನೋಡ್ತಿದ್ರು. ನನ್ನನ್ನೂ ಕರೀತಿದ್ರು, ಬಾ ನೋಡು ಬಾ, ನಿನ್ನ ತಮ್ಮ ಎಷ್ಟು ಖುಷಿ ಪಡ್ತಾನೆ ಅಂತ.”

ಇಷ್ಟು ವರ್ಷ ನಾನು ಅವರನ್ನು ನೋಡಿ ನಗುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಕಿಟಕಿಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು.

“ಆ ಗೆಜ್ಜೆ ಎಲ್ಲಿ ಹೋಯ್ತಕ್ಕ?”

“ಮಗನ ತೊಟ್ಟಿಲಿಗೆ ಕಟ್ಟಿದ್ವಿ. ನೀನೇ ತೂಗಿದೀಯ. ಆ ಗೆಜ್ಜೆ ನಿನ್ನ ಮೂಗಿನ ಮುಂದೇನೇ ಘಲ್ ಘಲ್ ಅಂತಿತ್ತು.”

ಆಗ ಅಕ್ಕ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆ ನೀರು ಅಳುವಾಯಿತು. ಅವರು ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಸೊಸೆ ಬಂದು ಅವಳನ್ನು ತಬ್ಬಿಕೊಂಡು ಕೂತಳು. ನಾನು ಎದ್ದು ಅಂಗಳಕ್ಕೆ ಹೋಗಿ, ಅಲ್ಲಿ ಮಾಡುವುದಕ್ಕೆ ಏನೂ ಕೆಲಸ ಇಲ್ಲದಿದ್ದರೂ, ಬಹಳ ಹೊತ್ತು ಇದ್ದು ಬಂದೆ.

ಆ ಹರಟೆಯ ಕಾರ್ಯಕ್ರಮಗಳನ್ನು ಆಮೇಲೆ ನಾನೂ ನೋಡಿದ್ದೇನೆ, ಹಠ ಹಿಡಿದು. ನನ್ನ ತೀರ್ಪು ಬದಲಾಗಿಲ್ಲ. ಮುಕ್ಕಾಲು ಭಾಗ ಸಪ್ಪೆ. ಒಬ್ಬನೇ ಕೂತು ನೋಡಿದರೆ ಹತ್ತಿ ಇಲ್ಲದೆ ಬಿಲ್ಲು ಬಾರಿಸಿದ ಹಾಗೆ, ಬರೀ ಸದ್ದು. ಆದರೆ ಪಕ್ಕದಲ್ಲಿ ಒಬ್ಬರು ಕೂತು, ಅವನು ಸುಳ್ಳು, ಇವಳು ನಿಜ ಎಂದು ಜಗಳ ತೆಗೆಯುವುದಾದರೆ, ಆ ಇಡ್ಲಿಯ ಕಥೆಯೂ ನಡೆಯುತ್ತದೆ. ಆ ನಟನಿಗೆ ಒಂದು ಸಲಾಮು, ಸುಳ್ಳು ಹೇಳಿದ್ದಕ್ಕೆ. ಅವನ ಹೆಂಡತಿಗೆ ಎರಡು, ಸುಮ್ಮನೆ ಇರದೆ ಇದ್ದದ್ದಕ್ಕೆ. ಜಗಳೂರಿನ ಒಂದು ಅಡುಗೆಮನೆಯಲ್ಲಿ ತಮ್ಮಿಂದ ಏನಾಯಿತು ಎಂದು ಅವರಿಗೆ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಸಲಾಮು ಕೈ ತುಂಬ ಹಿಟ್ಟು ಮಾಡಿಕೊಂಡಿದ್ದ ಆ ಸೊಸೆಗೆ. ನಿಜಕ್ಕೂ ಅವಳಿಗೆ ಅದನ್ನು ನಿಲ್ಲಿಸಲು ಆಗಲಿಲ್ಲವೋ, ನಿಲ್ಲಿಸಲಿಲ್ಲವೋ, ನಾನು ಕೇಳಿಲ್ಲ.

ಇದ್ದತ್ ಮುಗಿದ ಮೇಲೆ ಅಕ್ಕ ಮೊದಲು ಬಂದದ್ದು ನ್ಯಾಮತಿಗೆ, ನಮ್ಮ ಮನೆಗೆ. ಮಗ ಬಂದು ಬಿಟ್ಟು ಹೋದ. ಇಲ್ಲಿನ ಹೆಂಗಸರು ಅವಳನ್ನು ಆ ತನಕ ನೋಡಿರಲಿಲ್ಲ, ಮಾತಾಡಿಸಲು ಬಂದರು. ನನ್ನ ಹೆಂಡತಿ ಎಲ್ಲರಿಗೂ ಚಹಾ ಕೊಟ್ಟಳು. ಮತ್ತೆ ಅದೇ ಮಾತು ಶುರುವಾಯಿತು, ದೇವರಂಥಾ ಮನುಷ್ಯ ಎಂದು.

“ದೇವರೇನಲ್ಲ ಬಿಡ್ರವ್ವ,” ಎಂದಳು ಅಕ್ಕ. “ಗೊರಕೆ ಹೊಡೀತಿದ್ರು. ಹಾಗಲಕಾಯಿ ಮಾಡಿದ ದಿನ ಅಂಗಡೀಲಿ ಕೆಲಸ ಐತೆ ಅಂತ ಊಟಕ್ಕೆ ಬರ್ತಿರಲಿಲ್ಲ.” ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಾಕೆ ತನ್ನ ಗಂಡನ ಗೊರಕೆಯ ಕಥೆ ತೆಗೆದಳು. ಮನೆ ಮನೆಯ ಹಾಗಾಯಿತು. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದೆ.

ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಹೆಂಗಸರಿಗೆ, “ಒಂದ್ಸಲ ಇವನೂ ಅವರೂ ಸಾಸ್ವೆಹಳ್ಳಿಗೆ ಹೋಗಿದ್ರು,” ಎಂದಳು. “ಅಲ್ಲಿ ಹೊಳೆ ದಂಡೇಲಿ ಇಬ್ರೂ ಜಗಳ ಆಡಿ, ಇಬ್ರೂ ಬೇರೆ ಬೇರೆ ಬಸ್ಸಿಗೆ ಬಂದ್ರು.”

ಅವಳು ಅಲ್ಲಿ ಇರಲೇ ಇಲ್ಲ. ನಾವು ಜಗಳ ಆಡಿರಲಿಲ್ಲ. ಭಾವ ಆ ದಿನದ ವಿಷಯ ಅವಳಿಗೆ ಎಷ್ಟು ಹೇಳಿದ್ದರೋ ಗೊತ್ತಿಲ್ಲ, ಆದರೆ ಜಗಳ ಎಂದು ಮಾತ್ರ ಹೇಳಿರಲಾರರು. ಅಕ್ಕ ಚಹಾದ ಕಪ್ಪನ್ನು ಕೆಳಗಿಟ್ಟು, ನನ್ನನ್ನೇ ನೋಡುತ್ತ ಕೂತಳು. ಇಷ್ಟು ತಿಂಗಳಲ್ಲಿ ನಾನು ಭಾವನ ಬಗ್ಗೆ ಸಾವಿರ ಸುಳ್ಳು ಹೇಳಿದ್ದೆ. ಒಂದೇ ಒಂದು ನಿಜವನ್ನೂ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಈಗ ತಿದ್ದುವ ಸರದಿ ನನ್ನದು.

“ಹಂಗಲ್ಲಕ್ಕ ಅದು,” ಎಂದೆ.

“ಮತ್ತೆ ಹೆಂಗೆ?”

“ನಾನು ಗಾದಿ ಕೆಲಸಕ್ಕೆ ಹೋಗಿದ್ದೆ. ಭಾವ ಸುಮ್ನೆ ಜೊತೆಗೆ ಬಂದಿದ್ರು. ಕೆಲಸ ಮುಗಿದ ಮೇಲೆ ಹೊಳೆ ನೋಡ್ಬೇಕು ಅಂದ್ರು. ಚಪ್ಪಲಿ ಬಿಚ್ಚಿ, ಪ್ಯಾಂಟು ಮೇಲಕ್ಕೆ ಮಡಚಿ, ನೀರಾಗೆ ಕಾಲು ಇಟ್ಕೊಂಡು ಕುಂತ್ರು. ಇಷ್ಟು ನೀರು ಯಾರೂ ಮೋಟಾರು ಹಾಕ್ದೆ ಬರ್ತೈತಲ್ಲ ಮಾರಾಯ ಅಂದ್ರು. ಅದೊಂದೇ ಮಾತು. ಆಮೇಲೆ ಸುಮ್ನಾದ್ರು.”

“ನೀನು?”

“ನಾನೂ.”

“ನೀನು ಸುಮ್ನೆ ಕುಂತಿದ್ದೆ?” ಎಂದಳು ಅಕ್ಕ. ಹೆಂಗಸರು ನಕ್ಕರು.

“ಕುಂತಿದ್ದೆ ಕಣಕ್ಕ. ಮಂಡಕ್ಕಿ ಇತ್ತು, ಇಬ್ರೂ ತಿಂದ್ವಿ. ಹೊತ್ತು ಮುಳುಗೋ ತನಕ ಕುಂತಿದ್ವಿ.”

“ಸುಳ್ಳು,” ಎಂದಳು ಅಕ್ಕ, ಕಪ್ಪು ಎತ್ತಿಕೊಳ್ಳುತ್ತ. “ಮುಂದೆ ಹೇಳು.”